ಬಿಲೋ ಮತ್ತು 777: ಒಂದು ಲಾಗ್ ಡೈರೆಕ್ಟರಿಯಿಂದ ರೂಟ್‌ವರೆಗೆ

ಬಿಲೋ ಅನ್ನುವ ಲಿನಕ್ಸ್ ಟೂಲಿನಲ್ಲಿ ಸಿಕ್ಕ ಭದ್ರತಾ ದೋಷ ಸಿವಿಇ-2025-27591 (ಸಿವಿಇ ಅಂದರೆ ಬಹಿರಂಗವಾದ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಬಗ್ಗೆ ಓದುವಾಗ ಬರೆದುಕೊಂಡ ಟಿಪ್ಪಣಿ ಇದು. 755, 644 ಥರದ ಪರ್ಮಿಷನ್ ಅಂಕಿಗಳೆಲ್ಲ ಬಾಯಿಪಾಠ ಇದೆ, ಆದರೆ ಡೈರೆಕ್ಟರಿಗೆ 777 ಕೊಟ್ಟರೆ ನಿಜವಾಗಿ ಯಾರಿಗೆ ಏನು ಮಾಡಲು ಬರುತ್ತದೆ ಅಂತ ಕೇಳಿದರೆ ತಡವರಿಸುತ್ತೀರಾ? ಹಾಗಿದ್ದರೆ ಓದಿ. ನಾನೂ ತಡವರಿಸಿದವನೇ.

ಬಿಲೋ ಅನ್ನುವುದು ಮೆಟಾ ಕಂಪನಿಯವರ ಓಪನ್ ಸೋರ್ಸ್ ಮಾನಿಟರಿಂಗ್ ಟೂಲ್. ಟಾಪ್ ಕಮಾಂಡ್ ಈ ಕ್ಷಣದ ಸಿಪಿಯು, ಮೆಮೊರಿ ತೋರಿಸುತ್ತದಲ್ಲ, ಬಿಲೋ ಅದನ್ನೆಲ್ಲ ದಾಖಲಿಸಿಯೂ ಇಡುತ್ತದೆ. ರಾತ್ರಿ ಮೂರು ಗಂಟೆಗೆ ಸರ್ವರ್ ಯಾಕೆ ಒದ್ದಾಡಿತು ಅಂತ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಿಂದಕ್ಕೆ ಹೋಗಿ ನೋಡಬಹುದು. ಒಳ್ಳೆಯ ಟೂಲ್, ಅದರಲ್ಲಿ ಎರಡು ಮಾತಿಲ್ಲ. ಬರೆದದ್ದು ರಸ್ಟ್ ಭಾಷೆಯಲ್ಲಿ. ದಾಖಲಿಸುವ ಭಾಗ ಸಿಸ್ಟಮ್‌ಡಿ ಸರ್ವೀಸ್ ಆಗಿ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ, ಅದೂ ರೂಟ್ ಆಗಿ, ಅಂದರೆ ಸಿಸ್ಟಮ್ಮಿನಲ್ಲಿ ಏನು ಬೇಕಾದರೂ ಮಾಡಬಲ್ಲ ಯೂಸರ್ ಆಗಿ.

2025ರ ಜನವರಿಯಲ್ಲಿ ಇದನ್ನು ಓಪನ್‌ಸೂಸೆ ಟಂಬಲ್‌ವೀಡ್ ಅನ್ನುವ ಲಿನಕ್ಸ್ ಡಿಸ್ಟ್ರಿಬ್ಯೂಷನ್‌ಗೆ ಸೇರಿಸಲು ಪ್ಯಾಕೇಜ್ ಮಾಡಿದ್ದರು. ಅಲ್ಲಿಗೆ ಹೊಸ ಸರ್ವೀಸ್ ಬಂದರೆ ಸೂಸೆಯ ಸೆಕ್ಯುರಿಟಿ ತಂಡ ಒಮ್ಮೆ ನೋಡುತ್ತದೆ. ನೋಡಿದಾಗ ಕಂಡಿದ್ದು ಒಂದು ಡೈರೆಕ್ಟರಿಯ ಪರ್ಮಿಷನ್, ಅಷ್ಟೇ. /ವಾರ್/ಲಾಗ್/ಬಿಲೋ ಡೈರೆಕ್ಟರಿಯ ಮೋಡ್, ಅಂದರೆ ಪರ್ಮಿಷನ್ ಅಂಕಿ, 777 ಇತ್ತು, ಯಾರು ಬೇಕಾದರೂ ಅದರಲ್ಲಿ ಬರೆಯಬಹುದಿತ್ತು. ಯಾರೋ ಮರೆತು ಬಿಟ್ಟಿದ್ದಲ್ಲ. ಪ್ಯಾಕೇಜ್ ಮಾಡಿದವರು ಬಿಗಿಯಾದ ಪರ್ಮಿಷನ್ ಕೊಟ್ಟಿದ್ದರೂ, ಬಿಲೋ ಶುರುವಾದಾಗ 777 ಇದೆಯಾ ಅಂತ ನೋಡಿ, ಇಲ್ಲದಿದ್ದರೆ ತಾನೇ ಹಾಗೆ ಬದಲಾಯಿಸುವ ಕೋಡ್ ಅದರೊಳಗಿತ್ತು!

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಡೈರೆಕ್ಟರಿಯೊಳಗೆ ರೂಟ್‌ಗೆ ಸೇರಿದ ಒಂದು ಲಾಗ್ ಫೈಲ್ ಇದೆ, ಹೆಸರು ಎರರ್_ರೂಟ್.ಲಾಗ್. ಫೈಲ್ ರೂಟ್‌ದು, ನಾನು ಸಾಮಾನ್ಯ ಯೂಸರ್. ನಾನು ಅದನ್ನು ಅಳಿಸಬಹುದಾ? ತುಂಬಾ ಜನ ಇಲ್ಲ ಅನ್ನುತ್ತಾರೆ. ಸರಿಯಾದ ಉತ್ತರ, ಅಳಿಸಬಹುದು. ಡೈರೆಕ್ಟರಿಯನ್ನು ಹಾಸ್ಟೆಲ್ ರಿಜಿಸ್ಟರ್ ಅಂದುಕೊಳ್ಳಿ. ಯಾವ ಹೆಸರಿಗೆ ಯಾವ ರೂಮ್ ಅಂತ ಅದರಲ್ಲಿ ಬರೆದಿರುತ್ತದೆ. ರಿಜಿಸ್ಟರಿನಲ್ಲಿ ಬರೆಯಲು ಬಿಟ್ಟರೆ ಸಾಕು, ಯಾರ ಹೆಸರನ್ನಾದರೂ ಹೊಡೆದುಹಾಕಬಹುದು, ಅದೇ ಹೆಸರಿನ ಮುಂದೆ ಬೇರೆ ರೂಮ್ ನಂಬರ್ ಬರೆಯಬಹುದು. ಇದಕ್ಕೆ ರೂಮಿನ ಕೀ ಬೇಕಾಗಿಲ್ಲ. ಫೈಲ್ ಅಳಿಸಲು ನೋಡುವುದು ಡೈರೆಕ್ಟರಿಯ ಪರ್ಮಿಷನ್, ಫೈಲ್‌ದಲ್ಲ.

ಹಾಗಾದರೆ /ಟಿಎಂಪಿ ಕೂಡ ಎಲ್ಲರಿಗೂ ತೆರೆದಿದೆ, ಅಲ್ಲಿ ಯಾಕೆ ಒಬ್ಬರ ಫೈಲ್ ಇನ್ನೊಬ್ಬರು ಅಳಿಸಲು ಆಗುವುದಿಲ್ಲ? ಅದಕ್ಕೆ ಸ್ಟಿಕಿ ಬಿಟ್ ಇದೆ. ಅದರ ಮೋಡ್ 1777. ಆ ಮುಂದಿನ 1 ಇದ್ದರೆ ಫೈಲಿನ ಒಡೆಯ, ಡೈರೆಕ್ಟರಿಯ ಒಡೆಯ ಅಥವಾ ರೂಟ್ ಮಾತ್ರ ಹೆಸರು ತೆಗೆಯಬಹುದು. ಬಿಲೋ ಡೈರೆಕ್ಟರಿಗೆ ಆ 1 ಇರಲಿಲ್ಲ.

ಮುಂದಿನದ್ದು ನೀವೇ ಊಹಿಸಬಹುದು. ಲಾಗ್ ಫೈಲ್ ಅಳಿಸಿ, ಅದೇ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ (ಬೇರೆ ಫೈಲಿನ ಕಡೆಗೆ ಕೈ ತೋರಿಸುವ ಹೆಸರು) ಇಟ್ಟು, ಅದನ್ನು /ಇಟಿಸಿ/ಶ್ಯಾಡೋ ಕಡೆಗೆ ತಿರುಗಿಸಿದರೆ ಆಯಿತು. ಮತ್ತೆ ಸರ್ವೀಸ್ ಶುರುವಾದಾಗ, ಅಂದರೆ ಮಷೀನ್ ರೀಬೂಟ್ ಆದಾಗಲೋ ಯಾರೋ ರೀಸ್ಟಾರ್ಟ್ ಮಾಡಿದಾಗಲೋ, ಬಿಲೋ ರೂಟ್ ಆಗಿ ಬಂದು ತನ್ನ ಲಾಗ್ ಅಂತಲೇ ತಿಳಿದು ಆ ಹೆಸರನ್ನು ತೆರೆಯುತ್ತದೆ. ಲಿಂಕ್ ಹಿಂದೆ ಏನಿದೆ ಅಂತ ಕೇಳುವುದಿಲ್ಲ. ತೆರೆದ ಮೇಲೆ ಇನ್ನೊಂದು ಕೆಲಸ ಮಾಡುತ್ತದೆ, ಲಾಗ್ ಫೈಲಿಗೆ 666 ಪರ್ಮಿಷನ್ ಕೊಡುತ್ತದೆ. ಆ ಪರ್ಮಿಷನ್ ಹೋಗಿ ಕೂರುವುದು ಶ್ಯಾಡೋ ಫೈಲಿನ ಮೇಲೆ. ಇಡೀ ಸಿಸ್ಟಮ್ಮಿನ ಪಾಸ್‌ವರ್ಡ್ ಹ್ಯಾಶ್‌ಗಳಿರುವ ಫೈಲು ಈಗ ಯಾರು ಬೇಕಾದರೂ ಓದಿ ಬರೆಯುವ ಫೈಲು.

ಲಿಂಕನ್ನು ಶ್ಯಾಡೋ ಬದಲು ಯೂಸರ್‌ಗಳ ಪಟ್ಟಿ ಇರುವ /ಇಟಿಸಿ/ಪಾಸ್‌ಡಬ್ಲ್ಯೂಡಿ ಕಡೆಗೆ ತಿರುಗಿಸಿದರೂ ಕಥೆ ಅದೇ. ಯೂಸರ್ ಐಡಿ 0 ಇರುವ ಒಂದು ಸಾಲು ಸೇರಿಸಿದರೆ ಮುಗಿಯಿತು. ಲಿನಕ್ಸಿನ ತಿರುಳಾದ ಕರ್ನಲ್‌ಗೆ ರೂಟ್ ಅನ್ನುವ ಹೆಸರು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು 0 ಮಾತ್ರ. ಹೆಸರು ನಂಜಪ್ಪ ಅಂತಿದ್ದರೂ ಐಡಿ 0 ಆದರೆ ಅವನೇ ಯಜಮಾನ.

ಇಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಒಂದು ಸಣ್ಣ ವಿಪರ್ಯಾಸ. ಸಿಮ್‌ಲಿಂಕ್ ದಾಳಿ ತೀರಾ ಹಳೆಯದು, ಅದಕ್ಕೆ ಕರ್ನಲ್‌ನಲ್ಲೇ ತಡೆ ಇದೆ, ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ ಅಂತ. 2012ರಲ್ಲಿ ಬಂದ 3.6 ಕರ್ನಲ್‌ನಿಂದ ಇದೆ. ಬೇರೆಯವರು ಇಟ್ಟ ಲಿಂಕನ್ನು ರೂಟ್ ಪ್ರೋಗ್ರಾಂ ಹಿಂಬಾಲಿಸಲು ಹೋದರೆ ಅದು ನಿಲ್ಲಿಸುತ್ತದೆ. ಆದರೆ ಒಂದು ಷರತ್ತು: ಡೈರೆಕ್ಟರಿ ಎಲ್ಲರಿಗೂ ತೆರೆದಿರಬೇಕು, ಜೊತೆಗೆ ಸ್ಟಿಕಿ ಬಿಟ್ಟೂ ಇರಬೇಕು. /ಟಿಎಂಪಿ ಥರದ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಅದು. ಬಿಲೋದಲ್ಲಿ ಸ್ಟಿಕಿ ಬಿಟ್ ಇಲ್ಲದ್ದರಿಂದ ಈ ತಡೆ ಆನ್ ಇದ್ದರೂ ಕೆಲಸಕ್ಕೆ ಬರಲಿಲ್ಲ. 777ಕ್ಕೂ 1777ಕ್ಕೂ ಇರುವ ಒಂದೇ ಅಂಕಿಯ ವ್ಯತ್ಯಾಸದಲ್ಲಿ ಎರಡು ಬೀಗ ಒಟ್ಟಿಗೆ ಬಿದ್ದುಹೋದವು. ಮೊದಲ ಸಲ ಓದಿದಾಗ ಇದು ನನ್ನ ತಲೆಗೆ ಹೋಗಲೇ ಇಲ್ಲ. ತಡೆ ಆನ್ ಇದೆಯಲ್ಲ, ದಾಳಿ ಹೇಗೆ ನಡೆಯಿತು ಅಂತ ಅರ್ಧ ದಿನ ಯೋಚಿಸಿದ್ದೇನೆ.

ರಸ್ಟ್‌ನಲ್ಲಿ ಬರೆದದ್ದಲ್ವಾ, ಸೇಫ್ ಅಲ್ವಾ ಅಂತ ಕೇಳುವವರಿಗೆ: ರಸ್ಟ್ ಕಾಪಾಡುವುದು ಮೆಮೊರಿಯನ್ನು. ಡೈರೆಕ್ಟರಿಗೆ 777 ಕೊಡು ಅಂತ ನೀವೇ ಬರೆದರೆ ಅದು ಚಾಚೂ ತಪ್ಪದೆ ಕೊಡುತ್ತದೆ. ಇಲ್ಲಿ ಬಫರ್ ಓವರ್‌ಫ್ಲೋ ಇಲ್ಲ, ಪಾಯಿಂಟರ್ ಇಲ್ಲ. ಲಾಗ್ ತೆರೆಯುವಾಗ ಸಿಮ್‌ಲಿಂಕ್ ಆದರೆ ಬೇಡ ಅನ್ನುವ ಓ_ನೋಫಾಲೋ ಫ್ಲಾಗ್ ಹಾಕಬಹುದಿತ್ತು, ಅದು ರಸ್ಟ್‌ನಲ್ಲೂ ಸಾಧ್ಯ. ಆದರೂ ಮೂಲ ತಪ್ಪು ಡೈರೆಕ್ಟರಿಯದ್ದೇ.

777 ಯಾಕೆ ಕೊಟ್ಟರು? ನನ್ನ ಊಹೆ ಹೀಗಿದೆ. ಲಾಗ್ ಫೈಲಿನ ಹೆಸರಿನಲ್ಲೇ ಯೂಸರ್ ಹೆಸರಿದೆ, ರೂಟ್ ಓಡಿಸಿದರೆ ಎರರ್_ರೂಟ್. ಅಂದರೆ ಯಾರು ಬಿಲೋ ಓಡಿಸಿದರೂ ಅವರವರ ಎರರ್ ಲಾಗ್ ಒಂದೇ ಕಡೆ ಬೀಳಲಿ ಅಂತ ಇರಬೇಕು. ಅನುಕೂಲಕ್ಕೆ ಮಾಡಿದ್ದು. ನಾವೂ ಮಾಡುತ್ತೇವೆ, ಪರ್ಮಿಷನ್ ಡಿನೈಡ್ ಬಂದ ತಕ್ಷಣ ಸುಮ್ನೆ 777 ಹೊಡೆದು ಮುಂದೆ ಹೋಗುವುದು.

ಸರಿಪಡಿಸಿದ್ದು 0.9.0 ಆವೃತ್ತಿಯಲ್ಲಿ, ವಿಷಯ ಬಹಿರಂಗವಾದದ್ದು 2025ರ ಮಾರ್ಚ್‌ನಲ್ಲಿ. ಅದಕ್ಕಿಂತ ಹಳೆಯದು ನಿಮ್ಮಲ್ಲಿದ್ದರೆ ಅಪ್‌ಡೇಟ್ ಮಾಡಿ. ಮಾಡಿದ ಮೇಲೂ ಆ ಡೈರೆಕ್ಟರಿಯ ಮೋಡ್ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಒಳಗೆ ಸಿಮ್‌ಲಿಂಕ್ ಏನಾದರೂ ಉಳಿದಿದೆಯಾ ಅಂತಲೂ ನೋಡಿ.

ಹೋಲಿಸಿ ನೋಡಲು ಇನ್ನೊಂದು ಕೇಸು, ಚಿಕ್ಕದಾಗಿ. ನೆಟ್‌ಡೇಟಾ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರಿನ ಸಿವಿಇ-2024-32019. ಅದರ ಜೊತೆ ಬರುವ ಎನ್‌ಡಿಸೂಡೋ ಅನ್ನುವ ಪುಟ್ಟ ಪ್ರೋಗ್ರಾಂ ಎಸ್‌ಯುಐಡಿ ರೂಟ್, ಅಂದರೆ ಯಾರು ಓಡಿಸಿದರೂ ರೂಟ್ ಆಗಿಯೇ ಓಡುತ್ತದೆ. ಕೆಲವೇ ಕಮಾಂಡ್‌ಗಳನ್ನು ಮಾತ್ರ ಓಡಿಸುತ್ತೇನೆ ಅಂತ ಪಟ್ಟಿ ಇಟ್ಟುಕೊಂಡಿತ್ತು, ಆದರೆ ಆ ಕಮಾಂಡ್‌ಗಳನ್ನು ಹುಡುಕುತ್ತಿದ್ದದ್ದು ಕರೆದವನ ಪಾತ್ ವೇರಿಯೇಬಲ್ (ಯಾವ ಡೈರೆಕ್ಟರಿಗಳಲ್ಲಿ ಹುಡುಕಬೇಕು ಅಂತ ಹೇಳುವ ಸೆಟ್ಟಿಂಗ್) ನೋಡಿ. ಪಾತ್ ನನ್ನ ಕೈಯಲ್ಲಿದ್ದ ಮೇಲೆ ಪಟ್ಟಿಯಲ್ಲಿರುವ ಹೆಸರಿನದೇ ನನ್ನ ಪ್ರೋಗ್ರಾಂ ಇಟ್ಟರಾಯಿತು, ಅದು ರೂಟ್ ಆಗಿ ಓಡುತ್ತದೆ. 1.45.3ರಲ್ಲಿ ಸರಿಹೋಯಿತು. ಅಲ್ಲಿ ಸಿಮ್‌ಲಿಂಕ್, ಇಲ್ಲಿ ಪಾತ್, ಆದರೆ ಎರಡರಲ್ಲೂ ರೂಟ್ ನಂಬಿದ್ದು ಒಂದು ಹೆಸರನ್ನು, ಆ ಹೆಸರು ಯಾವುದಕ್ಕೆ ಸೇರಬೇಕು ಅಂತ ತೀರ್ಮಾನಿಸಿದ್ದು ಮಾತ್ರ ಸಾಮಾನ್ಯ ಯೂಸರ್.

ಅಭ್ಯಾಸಕ್ಕೆ: ಒಂದು ವರ್ಚುವಲ್ ಮಷೀನ್ ತೆಗೆದುಕೊಳ್ಳಿ, ಆಫೀಸಿನ ಸರ್ವರ್ ಬೇಡ. ರೂಟ್ ಆಗಿ 777 ಮೋಡಿನ ಒಂದು ಡೈರೆಕ್ಟರಿ ಮಾಡಿ, ಒಳಗೊಂದು ಫೈಲ್ ಇಡಿ. ಸಾಮಾನ್ಯ ಯೂಸರ್ ಆಗಿ ಅದನ್ನು ಅಳಿಸಿ ನೋಡಿ. ಆಮೇಲೆ ಮೋಡನ್ನು 1777 ಮಾಡಿ, ಹೊಸ ಫೈಲ್ ಇಟ್ಟು ಮತ್ತೆ ಅಳಿಸಲು ಹೋಗಿ. ಅದಾದ ಮೇಲೆ ಫೈಂಡ್ ಕಮಾಂಡ್ ಬಳಸಿ /ವಾರ್ ಒಳಗೆ ಎಲ್ಲರೂ ಬರೆಯಬಹುದಾದ, ಆದರೆ ಸ್ಟಿಕಿ ಬಿಟ್ ಇಲ್ಲದ ಡೈರೆಕ್ಟರಿ ಎಷ್ಟಿವೆ ಅಂತ ಹುಡುಕಿ. ಒಂದಾದರೂ ಸಿಕ್ಕಿದರೆ, ಅದರೊಳಗೆ ಯಾವ ಸರ್ವೀಸ್ ಬರೆಯುತ್ತಿದೆ, ಅದು ಯಾವ ಯೂಸರ್ ಆಗಿ ಓಡುತ್ತಿದೆ ಅಂತ ನೋಡಿ.