ಹೂಳಿದ್ದು ಎಲ್ಲಿದೆ ಅಂತ ಯಾರನ್ನು ಕೇಳೋದು?

ವಿಜಯಪುರದಲ್ಲಿ ಓಡಾಡಿದವರು ಗಂಜ್‌ಗಳನ್ನು ನೋಡಿಯೇ ಇರ್ತೀರಿ. ಮನೆಗಳ ನಡುವೆ, ರಸ್ತೆ ಪಕ್ಕದಲ್ಲಿ ಸುಮ್ನೆ ನಿಂತಿರುವ ಕಲ್ಲಿನ ಗೋಪುರಗಳು. ಕಾವಲು ಕಾಯೋಕೆ ಕಟ್ಟಿದ್ದು ಅಂತ ಹಲವರು ತಿಳಿದಿದ್ದಾರೆ. ಅವು ನೀರಿನವು. ಮೊದಲು ತೊರವಿ ಕಡೆಯಿಂದ, ಆಮೇಲೆ 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಕಾಲದಲ್ಲಿ ಕಟ್ಟಿದ ಬೇಗಂ ತಲಾಬ್ ಕೆರೆಯಿಂದ ನೀರು ನೆಲದೊಳಗಿನ ಸುರಂಗ ಮತ್ತು ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿತ್ತು. ದಾರಿಯಲ್ಲಿ ಗಂಜ್‌ನೊಳಗೆ ಏರಿ, ಒತ್ತಡ ಇಳಿಸಿಕೊಂಡು, ಕೆಸರು ಬಿಟ್ಟು ಮುಂದೆ ಸಾಗುತ್ತಿತ್ತು. ಕಟ್ಟಿದವರಿಗೆ ಬೇಕಾಗಿದ್ದು ಅಷ್ಟೇ. ಆದರೆ ಅದರ ಜೊತೆಗೆ ಇನ್ನೊಂದು ಅನುಕೂಲವೂ ಆಯಿತು. ಈ ಗಂಜ್‌ನಿಂದ ಆ ಗಂಜ್ ಕಡೆ ನೋಡಿದರೆ ಲೈನ್ ಎಲ್ಲಿ ಹಾದಿರಬಹುದು ಅನ್ನೋ ಅಂದಾಜು ಸಿಗುತ್ತಿತ್ತು.

ಈಗ ನೆಲದೊಳಗೆ ಆಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಲೈನುಗಳಿವೆ. ಮೇಲೆ ಗುರುತು ಮಾತ್ರ ಕಾಣೋದಿಲ್ಲ. ರಸ್ತೆ ಅಗೆದಾಗ ನಳ ಒಡೆಯಿತು, ಕರೆಂಟ್ ಹೋಯಿತು, ಬ್ಯಾಂಕಿನಲ್ಲಿ ನೆಟ್ ಇಲ್ಲ ಅನ್ನೋ ಸುದ್ದಿ ನಮಗೆ ಮಳೆ ಸುದ್ದಿಯಷ್ಟೇ ಮಾಮೂಲಿ. ಮಳೆ ಸುದ್ದಿಗಿಂತ ಜಾಸ್ತಿನೇ ಅನ್ನಿ, ಈ ಕಡೆ ಮಳೆ ಅಷ್ಟು ಬರೋದಿಲ್ಲ.

ಆದಿಲ್‌ಶಾಹಿ ಮುಗಿದು, ಬ್ರಿಟಿಷರು ಬಂದು ಹೋಗಿ, ಬೀಡುಕಬ್ಬಿಣದ ಪೈಪು ಬಂದು, ಅದರ ಪಕ್ಕ ಟೆಲಿಫೋನಿನ ತಾಮ್ರದ ಕೇಬಲ್ ಮಲಗುವ ಹೊತ್ತಿಗೆ ಮುನ್ನೂರು ವರ್ಷ ಕಳೆದಿತ್ತು. ಅಲ್ಲಿಯವರೆಗೂ ತೊಂದರೆ ಕಡಿಮೆಯೇ. ಲೈನುಗಳು ಎರಡು ಮೂರು, ಅಗೆಯೋದು ಗುದ್ದಲಿ ಸಲಿಕೆಯಲ್ಲಿ. ಪೈಪಿಗೆ ಗುದ್ದಲಿ ತಾಗಿದರೆ ಠಣ್ ಅಂತ ಸದ್ದು, ಕೈ ನಿಲ್ಲುತ್ತಿತ್ತು.

ಆ ಕಾಲದ ನಕ್ಷೆ ಅಂದರೆ ನೀರು ಬಿಡುವವರು. ನಮ್ಮ ಓಣಿಗೆ ಒಬ್ಬ ಕಾಕಾ ಬರುತ್ತಿದ್ದರು. ಸೈಕಲ್ಲಿನ ಹಿಂದೆ ಉದ್ದನೆಯ ವಾಲ್ವ್ ಕೀಲಿ ಕಟ್ಟಿಕೊಂಡಿರುತ್ತಿದ್ದರು. ಎಲ್ಲೋ ನೀರು ಸೋರುತ್ತಿದೆ ಅಂದರೆ ಕಬ್ಬಿಣದ ಹಾರೆಯನ್ನು ನೆಲಕ್ಕೆ ಊರಿ, ಅದರ ತುದಿಗೆ ಕಿವಿ ಹಚ್ಚಿ ಕೂರುತ್ತಿದ್ದರು. ಮಕ್ಕಳಾದ ನಾವು ಸುತ್ತ ನಿಂತರೆ "ಸುಮ್ಕಿರ್ರೋ, ನೀರಿನ ಸಪ್ಪಳ ಕೇಳಬೇಕು" ಅಂತ ಗದರುತ್ತಿದ್ದರು. ಒಂದು ಸಲ ಹೂತುಹೋದ ವಾಲ್ವ್ ಹುಡುಕಬೇಕಾಯಿತು. ಮೂಲೆಯ ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ನಿಂತರು. ಗಟಾರದ ಕಡೆ ಆರು ಹೆಜ್ಜೆ ಹಾಕಿದರು, ಚಪ್ಪಲಿಯಿಂದ ಒಂದು ಗೆರೆ ಎಳೆದರು. "ಇಲ್ಲೇ ಐತ್ರಿ, ಅಗೀರಿ." ಮೊಳದಷ್ಟು ಅಗೆದಾಗ ವಾಲ್ವಿನ ತಲೆ ಕಂಡಿತು.

ಇಂಥವರ ತಲೆಯೊಳಗೆ ಅರ್ಧ ಊರಿನ ಪೈಪ್‌ಲೈನ್ ಇತ್ತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಅವರು ನಿವೃತ್ತರಾದ ದಿನ ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಪೈಪ್‌ಲೈನಿನ ಲೆಕ್ಕವೂ ಅವರ ಜೊತೆಗೇ ಮನೆಗೆ ಹೋಯಿತು.

ಗೋಜಲು ಶುರುವಾಗಿದ್ದು 2000ದ ಆಚೆಗೆ. ಟೆಲಿಫೋನ್ ಇಲಾಖೆ ಬಿಎಸ್‌ಎನ್‌ಎಲ್ ಆಯಿತು, ಖಾಸಗಿ ಮೊಬೈಲ್ ಕಂಪನಿಗಳೂ ಫೋನು, ನೆಟ್ ಸಾಗಿಸುವ ಫೈಬರ್ ಕೇಬಲ್ ಹೂಳತೊಡಗಿದವು. ನಗರಗಳಿಗೆ ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಬಂತು. ನೀರು, ಒಳಚರಂಡಿ ಅಂತ ರಸ್ತೆಗಳು ಮತ್ತೆ ಬಾಯಿ ಬಿಟ್ಟವು. 2016ರ ಹೊತ್ತಿಗೆ 4ಜಿ ಭರಾಟೆ. ಹಳ್ಳಿಗಳಲ್ಲಿ 2019ರಿಂದ ಮನೆಮನೆಗೆ ನಳ ಹಾಕುವ ಜಲಜೀವನ್ ಕೆಲಸ, ಹೊಸ ಸಿಮೆಂಟ್ ರಸ್ತೆಗೂ ಕತ್ತರಿ. ಎಲ್ಲವೂ ಬೇಕಾದ ಕೆಲಸಗಳೇ. ಆದರೆ ಒಬ್ಬರು ಮುಚ್ಚಿ ಹೋದ ಮೇಲೆ ಇನ್ನೊಬ್ಬರು ಬಂದು ತೆಗೆಯುತ್ತಿದ್ದರು. ರೋಡ್ ಕಟಿಂಗ್ ಪರವಾನಗಿಯಲ್ಲಿ ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ರಿಪೇರಿಗೆ ಎಷ್ಟು ದುಡ್ಡು ಅನ್ನೋದರ ಮೇಲೆಯೇ ಎಲ್ಲರ ಕಣ್ಣು. ಅಲ್ಲಿ ಈಗಾಗಲೇ ಯಾರು ಮಲಗಿದ್ದಾರೆ ಅನ್ನೋ ಪ್ರಶ್ನೆ ಹಿಂದೆ ಬಿತ್ತು.

ಅಷ್ಟರಲ್ಲಿ ಗುದ್ದಲಿ ಹೋಗಿ ಜೆಸಿಬಿ ಬಂದಿತ್ತು. ನಿಯಮದ ಪುಸ್ತಕದ ಪ್ರಕಾರ 11 ಕೆವಿ ಕರೆಂಟ್ ಕೇಬಲ್ 90 ಸೆಂಟಿಮೀಟರ್ ಆಳದಲ್ಲಿ ಇರಬೇಕು. ಕೆಳಗೆ ಮರಳು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಇಲ್ಲವೇ ಹಾಸುಗಲ್ಲು. ಬಿಎಸ್‌ಎನ್‌ಎಲ್ ಲೆಕ್ಕದಲ್ಲಿ ಫೈಬರ್ 165 ಸೆಂಟಿಮೀಟರ್ ಕೆಳಗಿರಬೇಕು. ನಮ್ಮ ನೆಲ ಆ ಪುಸ್ತಕ ಓದಿಲ್ಲ. ಎಷ್ಟೋ ಕಡೆ ಎರಡು ಅಡಿಗೇ ಕರಿಕಲ್ಲು ಸಿಗುತ್ತದೆ. ಕಲ್ಲು ಒಡೆಯೋದು ದುಬಾರಿ, ಹಾಗಾಗಿ ಲೈನ್ ಮೇಲೇ ಉಳಿಯುತ್ತದೆ. ಜೆಸಿಬಿ ಬಕೆಟ್ ಒಂದೇ ಬೀಸಿಗೆ ಅದನ್ನು ದಾಟಿ ಹೋಗುತ್ತದೆ. ಈಗಿನ ಪೈಪು ಪ್ಲಾಸ್ಟಿಕ್ ಆದ್ದರಿಂದ ಠಣ್ ಅನ್ನೋ ಸದ್ದೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯಲ್ಲೇ ಹೀಗಾಯಿತು. ಕೇಬಲ್‌ಗಾಗಿ ಅಗೆದವರು ಸಂಜೆ ಮುಚ್ಚಿ ಹೋದರು. ಮರುದಿನ ನಳದ ನೀರು ನಾತ ಹೊಡೆಯುತ್ತಿತ್ತು. ನೀರಿನ ಪೈಪು ಸಣ್ಣಗೆ ಸೀಳಿತ್ತು, ಪಕ್ಕದಲ್ಲೇ ಒಳಚರಂಡಿಯ (ಯುಜಿಡಿ) ಚೇಂಬರ್ ಸೋರುತ್ತಿತ್ತು. ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗಿ ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಪೈಪು ಖಾಲಿ ಇರುವ ಹೊತ್ತೇ ಜಾಸ್ತಿ, ಅಲ್ವಾ? ಸೀಳು ಹುಡುಕೋಕೆ ಒಂಬತ್ತು ದಿನ ಹಿಡಿಯಿತು. ಏಳು ಗುಂಡಿ ತೋಡಿದರು. ಅಷ್ಟರಲ್ಲಿ ಕೇಬಲ್‌ನವರು ಊರೇ ಬಿಟ್ಟಿದ್ದರು.

ಅಮೆರಿಕದಲ್ಲಿ 2007ರಿಂದ 811 ಅನ್ನೋ ಒಂದೇ ನಂಬರ್ ಇದೆ. ಅಗೆಯುವ ಮೊದಲು ಫೋನ್ ಮಾಡಿದರೆ ಆಯಾ ಲೈನಿನವರು ಬಂದು ನೆಲದ ಮೇಲೆ ಬಣ್ಣ ಬಳಿದು ಹೋಗುತ್ತಾರೆ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ. ನಮ್ಮಲ್ಲಿ ಅದರ ಹತ್ತಿರದ ಏರ್ಪಾಡು ಬಂದಿದ್ದು 2023ರಲ್ಲಿ. ಜನವರಿಯಲ್ಲಿ ದೂರಸಂಪರ್ಕ ಇಲಾಖೆ ನಿಯಮ ಮಾಡಿತು: ಅಗೆಯುವವರು ಮೊದಲೇ ತಿಳಿಸಬೇಕು, ಲೈನ್ ಹಾಳು ಮಾಡಿದರೆ ನಷ್ಟ ತುಂಬಿಕೊಡಬೇಕು. ಮಾರ್ಚ್ 22ರಂದು ಪ್ರಧಾನಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಿಡುಗಡೆ ಮಾಡಿದರು. ಆಗ ಸರ್ಕಾರ ಕೊಟ್ಟ ಅಂದಾಜು ದೊಡ್ಡದಿತ್ತು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ತುಂಡಾಗುತ್ತದೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ.

ಆ್ಯಪ್ ಕೆಲಸ ಸರಳ. ಅಗೆಯುವ ಜಾಗವನ್ನು ನಕ್ಷೆಯಲ್ಲಿ ತೋರಿಸಿದರೆ ಅಲ್ಲಿ ಲೈನ್ ಇರುವವರಿಗೆ ಸಂದೇಶ ಹೋಗುತ್ತದೆ. ಹೋಗೋದು ಯಾರಿಗೆ? ತಮ್ಮ ಲೈನ್ ಎಲ್ಲಿದೆ ಅಂತ ಮೊದಲೇ ಅದರಲ್ಲಿ ತುಂಬಿದವರಿಗೆ. ನಿನ್ನೆ ಮೊನ್ನೆ ಹೂಳಿದ ಫೈಬರಿನ ಅಕ್ಷಾಂಶ ರೇಖಾಂಶ ಕಂಪ್ಯೂಟರಿನಲ್ಲಿ ಇರುತ್ತದೆ. ಐವತ್ತು ವರ್ಷದ ನೀರಿನ ಪೈಪಿಗೆ ಬೇವಿನ ಗಿಡವೇ ಅಕ್ಷಾಂಶ. ಇದನ್ನು ಆ್ಯಪ್‌ನ ತಪ್ಪು ಅನ್ನೋಕಾಗಲ್ಲ.

ಯಂತ್ರ ತರಿಸಿ ಹುಡುಕಬಹುದಲ್ಲ ಅಂತ ಕೇಳುತ್ತಾರೆ. ಕಬ್ಬಿಣ, ತಾಮ್ರ ಆದರೆ ಸರಿ, ಲೊಕೇಟರ್ ಲೈನಿಗೆ ಸಿಗ್ನಲ್ ಹತ್ತಿಸಿ ಮೇಲಿನಿಂದ ಹಿಡಿಯುತ್ತದೆ. ಪ್ಲಾಸ್ಟಿಕ್ ಪೈಪು ಅದಕ್ಕೆ ಸಿಗೋದಿಲ್ಲ. ಹೂಳುವಾಗ ಜೊತೆಗೊಂದು ತಂತಿ ಹಾಕಿದ್ದರೆ ಸಿಗುತ್ತಿತ್ತು. ನೆಲದೊಳಗೆ ಅಲೆ ಬಿಟ್ಟು ನೋಡುವ ರಾಡಾರ್ ಇದೆ, ಆದರೆ ಒದ್ದೆ ಎರೆಮಣ್ಣು ಆ ಅಲೆಯನ್ನು ನುಂಗಿಬಿಡುತ್ತದೆ. ಹೀಗಾಗಿ ಈ ಕಡೆ ನಂಬಬಹುದಾದದ್ದು ಹಳೇ ದಾರಿಯೇ: ಜೆಸಿಬಿ ಇಳಿಸುವ ಮೊದಲು ಕೈಯಿಂದ ಅಡ್ಡಲಾಗಿ ಒಂದು ಗುಂಡಿ ತೋಡಿ ನೋಡೋದು. ಅರ್ಧ ದಿನದ ಕೂಲಿ. ಮೀಟರಿಗೆ ಇಷ್ಟು ಅಂತ ದುಡ್ಡು ಸಿಗುವ ಕೆಲಸದಲ್ಲಿ ಆ ಅರ್ಧ ದಿನದ ಲೆಕ್ಕ ಯಾರ ಬಿಲ್ಲಿಗೂ ಸೇರೋದಿಲ್ಲ. ಹೂಳಿದ ಮೇಲೆ ನಕ್ಷೆ ಕೊಡದಿದ್ದರೆ ಬಿಲ್ಲೇ ಪಾಸಾಗೋದಿಲ್ಲ ಅಂತ ಗಟ್ಟಿಯಾಗಿ ಕೂತಿದ್ದರೆ ಅರ್ಧ ಗೋಜಲು ಇರುತ್ತಲೇ ಇರಲಿಲ್ಲ, ಇದು ನನ್ನ ಲೆಕ್ಕ.

ಹೋದ ಬೇಸಿಗೆಯಲ್ಲಿ ನಮ್ಮ ಮೂಲೆಯಲ್ಲಿ ಮತ್ತೆ ವಾಲ್ವ್ ಹುಡುಕಾಟ ನಡೆಯಿತು. ಆ್ಯಪ್, ನಕ್ಷೆ ಎಲ್ಲ ಆದ ಮೇಲೆ ಒಬ್ಬ ಹುಡುಗ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಕಾನನ್ನೇ ಕರೆತಂದ. ಈಗ ಕೋಲು ಹಿಡಿದೇ ನಡೆಯುತ್ತಾರೆ. ರಸ್ತೆಯ ಎರಡೂ ತುದಿ ನೋಡಿದರು. ಅಗಲ ಮಾಡಿದ ಮೇಲೆ ಅದು ಅವರು ಕಂಡ ರಸ್ತೆಯಾಗಿ ಉಳಿದಿಲ್ಲ.

"ಇಲ್ಲೊಂದು ಬೇವಿನ ಗಿಡ ಇತ್ತಲ್ರಿ?"

"ಕಡದಾರ್ರೀ ಕಾಕಾ, ಆತು ಮೂರು ವರ್ಷ."

ಕಾಕಾ ಸ್ವಲ್ಪ ಹೊತ್ತು ಡಾಂಬರು ನೋಡುತ್ತಾ ನಿಂತರು. ಆಮೇಲೆ ಎದುರು ಮನೆಯ ಕಟ್ಟೆಗೆ ಬೆನ್ನು ಹಚ್ಚಿ, ಗಿಡ ಎಲ್ಲಿತ್ತು ಅಂತ ಮೊದಲು ಅದನ್ನು ಹುಡುಕತೊಡಗಿದರು.