ಮುತ್ತಜ್ಜನ ತಾಯಿ ಯಾವ ಮನೆಯವಳು? ತ್ಸಿಮ್ಶಿಯನ್ ವಂಶದ ಜಾಡು

ಮುತ್ತಜ್ಜ ತ್ಸಿಮ್ಶಿಯನ್ ಎಂದು ಕೇಳಿಕೊಂಡೇ ಬೆಳೆದವರು ವಂಶ ಹುಡುಕಲು ಹೊರಟಾಗ ಮೊದಲು ಹಿಡಿಯುವುದು ಅವನ ಅಡ್ಡಹೆಸರನ್ನು. ದಾರಿ ತಪ್ಪುವುದೂ ಅಲ್ಲಿಯೇ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಸ್ಕೀನಾ ನದಿ ಕಡಲು ಸೇರುವ ಸೀಮೆಯ ಈ ಮೂಲನಿವಾಸಿ ಜನರಲ್ಲಿ ಮಗು ತಾಯಿಯ ಮನೆತನಕ್ಕೆ ಸೇರುತ್ತದೆ. ರೇವನ್ ಕಾಗೆ, ಹದ್ದು, ತೋಳ, ಕಿಲ್ಲರ್ ವೇಲ್ ತಿಮಿಂಗಿಲ ಎಂದು ನಾಲ್ಕು ಬಳಿಗಳು, ಅಂದರೆ ಕುಲಗಳು. ಒಂದೇ ಬಳಿಯೊಳಗೆ ಮದುವೆಯಿಲ್ಲ. ಹಿರಿಯರ ಹೆಸರು, ಮೀನು ಹಿಡಿಯುವ ನೆಲೆ, 'ಅದಾವ್ಖ್' ಎಂಬ ಮನೆತನದ ಕಥನ ಎಲ್ಲವೂ ಸೋದರಮಾವನಿಂದ ಸೋದರಳಿಯನಿಗೆ, ಅಳಿಯಸಂತಾನದ ಹಾಗೆ. ದೊಡ್ಡ ಔತಣ ಕರೆದು, ನೆರೆದವರ ಸಾಕ್ಷಿಯಲ್ಲಿ ಹೆಸರು ಕೊಡುತ್ತಾರೆ. ಹೀಗಾಗಿ ಲೆಗೈಕ್ ಎಂಬ ಮುಖ್ಯಸ್ಥನ ಹೆಸರು ಹಳೆಯ ದಾಖಲೆಗಳಲ್ಲಿ ಮತ್ತೆ ಮತ್ತೆ ಬಂದರೂ ಅದು ಒಬ್ಬನೇ ವ್ಯಕ್ತಿಯಲ್ಲ, ಒಂದು ಪಟ್ಟ.

ಕಾಗದ ಬಂದದ್ದು ಆಮೇಲೆ. 1831ರಲ್ಲಿ ತುಪ್ಪಳದ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿ ನಾಸ್ ನದಿಯ ಬಳಿ ಕೋಟೆ ಕಟ್ಟಿತು. 1834ರಲ್ಲಿ ಅದು ಈಗಿನ ಲಾಕ್ಸ್ ಕ್ವಲಾಮ್ಸ್ ಊರಿಗೆ ಬಂತು. 1857ರಲ್ಲಿ ಅಲ್ಲಿಗೆ ಬಂದ ಮಿಷನರಿ ವಿಲಿಯಂ ಡಂಕನ್ 1862ರಲ್ಲಿ ಮೆಟ್ಲಕಾಟ್ಲಾ ಎಂಬ ಕ್ರೈಸ್ತ ಊರನ್ನು ಕಟ್ಟಿದ. ಸಿಡುಬು ಕರಾವಳಿಯನ್ನು ಬರಿದು ಮಾಡಿದ್ದೂ ಅದೇ ವರ್ಷ. ದೀಕ್ಷಾಸ್ನಾನದ ಪುಸ್ತಕಕ್ಕೆ ಇಂಗ್ಲಿಷ್ ಹೆಸರುಗಳು ಏರಿದವು.

ನನ್ನ ಮಟ್ಟಿಗೆ ಹೆಚ್ಚು ಆಳವಾದ ಪೆಟ್ಟು ಕೊಟ್ಟದ್ದು ಮೂಲನಿವಾಸಿಗಳ ಮೇಲೆ ಕೆನಡಾ ತಂದ 1876ರ ಇಂಡಿಯನ್ ಕಾಯ್ದೆ. ತಾಯಿಯಿಂದ ಸಾಗುತ್ತಿದ್ದ ಗುರುತನ್ನು ಅದು ತಂದೆಯ ಕೈಗೆ ಕೊಟ್ಟಿತು. ಹೊರಗಿನವನನ್ನು ಮದುವೆಯಾದ ಹೆಣ್ಣು ಸರ್ಕಾರಿ ಪಟ್ಟಿಯಿಂದಲೇ ಹೊರಬಿದ್ದಳು. ಆ ನಿಯಮ ತೆಗೆದದ್ದು 1985ರಲ್ಲಿ. 1885ರಿಂದ 1951ರವರೆಗೆ ಹೆಸರು ಕೊಡುವ ಔತಣವೂ ಅಪರಾಧವಾಗಿತ್ತು. ಇದರ ನಡುವೆ, 1887ರಲ್ಲಿ, ಡಂಕನ್ ಜೊತೆ ಸುಮಾರು 800 ಮಂದಿ ಅಲಾಸ್ಕದ ಆನೆಟ್ ದ್ವೀಪಕ್ಕೆ ಹೋದರು. ಅಕ್ಕ ಕೆನಡಾದ ಕಡತದಲ್ಲಿ, ತಂಗಿ ಅಮೆರಿಕದ ಜನಗಣತಿಯಲ್ಲಿ ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ಆದರೂ ಎಳೆ ಕಡಿದಿಲ್ಲ. 1888ರಲ್ಲಿ ಹುಟ್ಟಿದ ವಿಲಿಯಂ ಬೇನನ್ ಅವರ ತಂದೆ ವೇಲ್ಸ್‌ನವರು. ಹೆಸರು ನೋಡಿದರೆ ಏನೂ ತಿಳಿಯದು. ಆದರೆ ತಾಯಿಯ ಕಡೆಯಿಂದ, ಸೋದರಮಾವನ ಪಟ್ಟ ಅವರಿಗೆ ಬಂತು. ಅದಾವ್ಖ್‌ಗಳನ್ನು ಹಿರಿಯರ ಬಾಯಿಂದ ಕೇಳಿ ದಶಕಗಳ ಕಾಲ ಬರೆದಿಟ್ಟವರು ಅವರೇ. ನೆರೆಯ ಗಿಟ್ಕ್ಸನ್ ಜನರ ಮೊಕದ್ದಮೆಯಲ್ಲಿ, 1997ರಲ್ಲಿ, ಇಂಥ ಬಾಯಿಮಾತಿನ ಚರಿತ್ರೆಯನ್ನು ಸಾಕ್ಷ್ಯವಾಗಿ ತೂಗಬೇಕೆಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು.

ಆದ್ದರಿಂದ ಮುತ್ತಜ್ಜನ ಹೆಸರು ಸಿಕ್ಕ ಕೂಡಲೇ ಕೇಳಬೇಕಾದ್ದು ಅವನ ತಾಯಿ ಯಾರು, ಯಾವ ಮನೆಯವಳು ಎಂದು. ಅವನ ಮನೆತನ ಮುಂದುವರಿದಿರುವುದು ಅವನ ಮಕ್ಕಳಲ್ಲಿ ಅಲ್ಲ, ಅಕ್ಕತಂಗಿಯರ ಹೆಣ್ಣುಮಕ್ಕಳ ಸಂತತಿಯಲ್ಲಿ.