ಸ್ವಭಾವಕ್ಕೆ ಡಬ್ಬಿ ಸಲ್ಲದು, ಅಳತೆಪಟ್ಟಿ ಬೇಕು

ಒಂದು ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಗೋಡೆಯ ಮೇಲೆ 165 ಸೆಂಟಿಮೀಟರಿಗೆ ಒಂದು ಗೆರೆ ಎಳೆದು, ಗೆರೆ ದಾಟಿದವರು ಉದ್ದ, ದಾಟದವರು ಕುಳ್ಳ ಎಂದು ಎರಡೇ ಪಂಗಡ ಮಾಡಿ ನೋಡಿ. 145 ಇರುವವರೂ 164 ಇರುವವರೂ ಒಂದೇ ಪಂಗಡಕ್ಕೆ ಬೀಳುತ್ತಾರೆ. 164 ಮತ್ತು 166 ಇರುವ ಅಣ್ಣತಮ್ಮಂದಿರು ಬೇರೆ ಬೇರೆ ಜಾತಿಯವರಾಗುತ್ತಾರೆ. ಮನುಷ್ಯ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಉದ್ದ ಇರುತ್ತಾನೆ; ಹಾಗಾಗಿ ಗೆರೆಯ ಪಕ್ಕದಲ್ಲಿರುವ ಕೆಲವರು ತಿಂಡಿಯ ಹೊತ್ತಿಗೆ ಉದ್ದ, ಊಟದ ಹೊತ್ತಿಗೆ ಕುಳ್ಳ. ಯಾವ ದರ್ಜಿಯೂ ಹೀಗೆ ಅಳತೆ ತೆಗೆಯಲಾರ. ಸ್ವಭಾವದ ಮಾತು ಬಂದಾಗ ಮಾತ್ರ ನಾವು ಇದನ್ನೇ ಮಾಡುತ್ತೇವೆ. ಇವನು ಅಂತರ್ಮುಖಿ, ಅವಳು ಬಹಿರ್ಮುಖಿ, ಸಿಂಹ ರಾಶಿಯವರು ಅಹಂಕಾರಿಗಳು, ನಮ್ಮ ಟೀಮ್ ಲೀಡರ್ ‘ಐಎನ್‌ಟಿಜೆ’.

ಕೊನೆಯದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯ ನಾಲ್ಕಕ್ಷರದ ಜಾತಕ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಸ್ವಭಾವದ ಬಗೆಗಳ ಕುರಿತು ಬರೆದದ್ದನ್ನು ಓದಿ ಮರುಳಾದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್, ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ಕಟ್ಟಿದರು. ಅಂತರ್ಮುಖಿ-ಬಹಿರ್ಮುಖಿಯಂಥ ನಾಲ್ಕು ಅಳತೆಗಳು, ಪ್ರತಿಯೊಂದನ್ನೂ ನಡುವೆ ಕತ್ತರಿಸಿದರೆ ಎರಡೆರಡು ತುಂಡು, ಒಟ್ಟು ಹದಿನಾರು ಡಬ್ಬಿ. ಜನ ನಿಜವಾಗಿಯೂ ಎರಡು ಬಗೆಯವರಾಗಿದ್ದರೆ ಅಂಕಗಳ ನಕ್ಷೆಯಲ್ಲಿ ಜೋಡಿ ಡುಬ್ಬದ ಒಂಟೆಯ ಬೆನ್ನಿನಂತೆ ಎರಡು ಡುಬ್ಬ ಕಾಣಬೇಕಿತ್ತು. ಕಾಣುವುದು ನಡುವೆ ಉಬ್ಬಿದ ಒಂದೇ ಡುಬ್ಬ. ಅಂದರೆ ಅತಿ ಹೆಚ್ಚು ಜನ ಇರುವ ಜಾಗದಲ್ಲೇ ಕತ್ತರಿ ಆಡಿದೆ. ಇದರಿಂದಾಗುವ ಅನಾಹುತವನ್ನು ಲೆಕ್ಕ ಹಾಕಬಹುದು. ತಿಂಗಳ ನಂತರ ಮತ್ತೆ ಪರೀಕ್ಷೆ ಬರೆದರೆ ಪ್ರತಿ ಅಕ್ಷರವೂ ಹಾಗೇ ಉಳಿಯುವ ಸಾಧ್ಯತೆ 100ಕ್ಕೆ 85 ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ. ನಾಲ್ಕೂ ಅಕ್ಷರ ಉಳಿಯುವ ಸಾಧ್ಯತೆ 0.85ನ್ನು ನಾಲ್ಕು ಸಲ ಗುಣಿಸಿದಷ್ಟು: 0.52. ಹೆಚ್ಚುಕಡಿಮೆ ಅರ್ಧ ಜನಕ್ಕೆ ತಿಂಗಳೊಪ್ಪತ್ತಿನಲ್ಲಿ ‘ಸ್ವಭಾವ’ ಬದಲು!

ಅನ್ಯಾಯವಾಗಬಾರದು, ಒಂದು ಮಾತು ಹೇಳಿಬಿಡುತ್ತೇನೆ. ಆ ನಾಲ್ಕು ಅಳತೆಗಳು ಪೂರ್ತಿ ಪೊಳ್ಳಲ್ಲ. ಇಂದಿನ ಮನೋವಿಜ್ಞಾನಿಗಳು ಒಪ್ಪುವ ಐದು ಅಳತೆಗಳಲ್ಲಿ ನಾಲ್ಕರ ಜೊತೆ ಅವು ತಕ್ಕಮಟ್ಟಿಗೆ ಹೊಂದುತ್ತವೆ ಎಂದು ಮಕ್ರೇ ಮತ್ತು ಕೋಸ್ಟಾ 1989ರಲ್ಲಿ ತೋರಿಸಿದರು. ಅಳತೆಪಟ್ಟಿ ಸುಮಾರಾಗಿದೆ, ಅದನ್ನು ನಡುವೆ ಮುರಿದದ್ದೇ ತಪ್ಪು.

ಆ ಐದು ಎಲ್ಲಿಂದ ಬಂದವು? ಯಾವ ಮೇಧಾವಿಯೂ ಕುರ್ಚಿಯಲ್ಲಿ ಕೂತು ಯೋಚಿಸಿ ಬರೆದದ್ದಲ್ಲ ಅವು. ನಿಘಂಟಿನಿಂದ ಹೆಕ್ಕಿದ್ದು. ಜನರಿಗೆ ಮುಖ್ಯವೆನಿಸಿದ ಗುಣಕ್ಕೆ ಭಾಷೆಯಲ್ಲಿ ಒಂದು ಪದ ಹುಟ್ಟಿಯೇ ಇರುತ್ತದೆ, ತುಂಬಾ ಮುಖ್ಯವಾದರೆ ಹತ್ತು ಪದ ಹುಟ್ಟಿರುತ್ತವೆ ಎಂಬುದು ಇದರ ಹಿಂದಿನ ನಂಬಿಕೆ. ನಮ್ಮಲ್ಲೇ ನೋಡಿ: ಸಿಡುಕ, ಮುಂಗೋಪಿ, ಕೋಪಿಷ್ಠ, ರೇಗುವವ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವ. 1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲಿಷ್ ಪದಕೋಶ ತಿರುವಿಹಾಕಿ ಸ್ವಭಾವ ಹೇಳುವ ಪದಗಳು ಸಾವಿರದಷ್ಟಿವೆ ಎಂದು ಅಂದಾಜಿಸಿದ. 1936ರಲ್ಲಿ ಗಾರ್ಡನ್ ಆಲ್ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ವೆಬ್‌ಸ್ಟರ್ ನಿಘಂಟನ್ನು ಸೋಸಿ 17,953 ಪದ ತೆಗೆದರು. ಅದರಲ್ಲಿ ಆ ಕ್ಷಣದ ಮನಸ್ಥಿತಿ, ಬರೀ ಹೊಗಳಿಕೆ-ತೆಗಳಿಕೆ, ಮೈಕಟ್ಟಿನ ವರ್ಣನೆ ಇವನ್ನೆಲ್ಲ ಬೇರೆ ಮಾಡಿದಾಗ ನಿಂತದ್ದು 4,504.

ಮುಂದಿನ ಕೆಲಸ ರೇಮಂಡ್ ಕ್ಯಾಟೆಲ್‌ನದು. ಕಂಪ್ಯೂಟರ್ ಇಲ್ಲದ 1940ರ ದಶಕ. 4,504 ಪದಗಳನ್ನು ಎರಡೆರಡಾಗಿ ಹೋಲಿಸಲು ಹೋದರೆ ಜೋಡಿಗಳೇ ಒಂದು ಕೋಟಿ ದಾಟುತ್ತವೆ. ಆತ ಅರ್ಥ ನೋಡಿಕೊಂಡು ಪದಗಳನ್ನು ಒಟ್ಟುಗೂಡಿಸಿ 171ಕ್ಕೆ, ಆಮೇಲೆ 35 ಗುಂಪುಗಳಿಗೆ ಇಳಿಸಿದ. 35 ಆದರೆ ಜೋಡಿಗಳು 595, ಕೈಲೆಕ್ಕಕ್ಕೆ ದಕ್ಕುತ್ತದೆ. ಅಲ್ಲಿಂದ ಫ್ಯಾಕ್ಟರ್ ಅನಾಲಿಸಿಸ್ ಎಂಬ ಗಣಿತ.

ಈ ಗಣಿತ ಬಹಳ ಸುಂದರವಾದದ್ದು. ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ಗುಡ್ಡದ ಮೇಲೆ ನಿಂತು ರಾತ್ರಿ ಒಂದು ಊರನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಕರೆಂಟು ಆಗಾಗ ಹೋಗಿಬರುತ್ತದೆ. ಕೆಲವು ದಿನ ನೋಡಿದರೆ ಗೊತ್ತಾಗುತ್ತದೆ: ಗುಡಿಬೀದಿಯ ಮನೆಗಳು ಯಾವಾಗಲೂ ಒಟ್ಟಿಗೆ ಕತ್ತಲಾಗುತ್ತವೆ, ಕೆರೆಯಂಚಿನವು ಬೇರೆ ಹೊತ್ತಿನಲ್ಲಿ. ಟ್ರಾನ್ಸ್‌ಫಾರ್ಮರ್ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಆದರೂ ಎಷ್ಟು ಇವೆ, ಯಾವ ಮನೆ ಯಾವುದಕ್ಕೆ ಸೇರಿದೆ ಎಂದು ಹೇಳಬಲ್ಲಿರಿ. ಬಾವಿಗಳ ಉದಾಹರಣೆಯೂ ಸರಿಹೊಂದುತ್ತದೆ: ಹತ್ತು ಬಾವಿಗಳ ನೀರು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅಡಿಯಲ್ಲಿ ಒಂದೇ ಸೆಲೆ. ಮನೆ ಅಥವಾ ಬಾವಿಯ ಜಾಗದಲ್ಲಿ ‘ಮಾತುಗಾರ’, ‘ಗೆಳೆಯರು ಬಹಳ’, ‘ಮುನ್ನುಗ್ಗುವವ’ ಎಂಬ ಪದಗಳನ್ನಿಡಿ. ನೂರಾರು ಜನರಿಗೆ ಅವರ ಪರಿಚಿತರು ಅಂಕ ಕೊಟ್ಟಾಗ ಇವು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ‘ಅಚ್ಚುಕಟ್ಟು’, ‘ಹೊತ್ತಿಗೆ ಸರಿಯಾಗಿ ಬರುವವ’, ‘ಹಿಡಿದ ಕೆಲಸ ಬಿಡದವ’ ಬೇರೆ ತಂತಿಯ ಮನೆಗಳು. ಒಂದು ವ್ಯತ್ಯಾಸ ಇದೆ. ನಿಜವಾದ ಮನೆಗೆ ಒಂದೇ ತಂತಿ, ಪದಕ್ಕೆ ಎರಡು ಮೂರು ತಂತಿ ಎಳೆದಿರಬಹುದು. ‘ಜಗಳಗಂಟ’ ಎಂಬುದರಲ್ಲಿ ಸೌಹಾರ್ದದ ಕೊರತೆಯೂ ಇದೆ, ಉದ್ವೇಗವೂ ಇದೆ. ಸಾರಿನ ರುಚಿಯಲ್ಲಿ ಹುಳಿಯ ಪಾಲೆಷ್ಟು, ಖಾರದ ಪಾಲೆಷ್ಟು ಎಂದು ಬಿಡಿಸಿದಂತೆ, ಪ್ರತಿ ಪದದಲ್ಲೂ ಯಾವ ಅಂಶ ಎಷ್ಟಿದೆ ಎಂದು ಗಣಿತ ಹೇಳುತ್ತದೆ.

ಎಷ್ಟು ಅಂಶಕ್ಕೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ಗಣಿತ ತಾನಾಗಿ ಹೇಳುವುದಿಲ್ಲ. ಅಂಶಗಳ ಬಲವನ್ನು ದೊಡ್ಡದರಿಂದ ಚಿಕ್ಕದಕ್ಕೆ ನಕ್ಷೆ ಬರೆದರೆ ಮೊದಲು ಕಡಿದಾದ ಬೆಟ್ಟ, ಆಮೇಲೆ ಬುಡದಲ್ಲಿ ಉದುರಿ ಬಿದ್ದ ಕಲ್ಲುರಾಶಿಯ ಇಳಿಜಾರು. ಕಲ್ಲುರಾಶಿ ಶುರುವಾಗುವಲ್ಲಿ ನಿಲ್ಲಿಸಿ ಎಂಬ ಉಪಾಯ ಕೊಟ್ಟವನೂ ಕ್ಯಾಟೆಲ್ಲೇ, 1966ರಲ್ಲಿ. ತನ್ನ ಅಂಶಗಳು ಹದಿನಾರು ಎಂಬ ಹಟವನ್ನು ಆತ ಕೊನೆಯವರೆಗೂ ಬಿಡಲಿಲ್ಲ ಎಂಬುದು ಬೇರೆ ಮಾತು. ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಟ್ಯೂಪ್ಸ್ ಮತ್ತು ರೇಮಂಡ್ ಕ್ರಿಸ್ಟಲ್ 1961ರಲ್ಲಿ ಎಂಟು ಬೇರೆ ಬೇರೆ ಗುಂಪುಗಳ ಮಾಹಿತಿಯನ್ನು ಹೊಸದಾಗಿ ಲೆಕ್ಕ ಹಾಕಿದರು. ಎಲ್ಲದರಲ್ಲೂ ಗಟ್ಟಿಯಾಗಿ ಬಂದದ್ದು ಐದೇ. ಆ ವರದಿ ಸೇನೆಯ ಕಡತಗಳ ನಡುವೆ ಹೂತುಹೋಯಿತು. ಪತ್ರಿಕೆಯೊಂದರಲ್ಲಿ ಮತ್ತೆ ಅಚ್ಚಾಗಲು 1992 ಬರಬೇಕಾಯಿತು. ಅಷ್ಟರಲ್ಲಿ ಇತರರೂ ಅದೇ ಐದಕ್ಕೆ ಬಂದು ಮುಟ್ಟಿದ್ದರು, ಲೂಯಿಸ್ ಗೋಲ್ಡ್‌ಬರ್ಗ್ 1981ರಲ್ಲಿ ಅದಕ್ಕೆ ‘ಬಿಗ್ ಫೈವ್’ ಎಂದು ಹೆಸರಿಟ್ಟಾಗಿತ್ತು. ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಉದ್ವೇಗಶೀಲತೆ, ಹೊಸತಿಗೆ ತೆರೆದ ಮನಸ್ಸು. ಇತ್ತೀಚೆಗೆ ಆಷ್ಟನ್ ಮತ್ತು ಲೀ ಆರನೆಯದನ್ನು ಸೇರಿಸಿದ್ದಾರೆ: ಪ್ರಾಮಾಣಿಕತೆ-ವಿನಯ.

ಇನ್ನು ಅಳೆಯುವ ಬಗೆ. ಒಂದು ಗುಣಕ್ಕೆ ಹತ್ತು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಗುರುತು. ಹತ್ತೇಕೆ, ನೇರವಾಗಿ ‘ನೀವು ಬಹಿರ್ಮುಖಿಯೇ?’ ಎಂದು ಒಂದೇ ಪ್ರಶ್ನೆ ಕೇಳಿದರಾಗದೇ? ಆಗದು. ಒಂದು ಎಸೆತ ನೋಡಿ ಬ್ಯಾಟ್ಸ್‌ಮನ್ ಹೇಗೆಂದು ಹೇಳಲಾಗದ ಹಾಗೆ, ಒಂದು ಪ್ರಶ್ನೆಯ ಉತ್ತರದಲ್ಲಿ ಗುಣಕ್ಕಿಂತ ಗದ್ದಲವೇ ಜಾಸ್ತಿ. ಪ್ರಶ್ನೆಗಳ ನಡುವಿನ ಸರಾಸರಿ ಸಹಸಂಬಂಧ (ಒಟ್ಟಿಗೆ ಏರಿಳಿಯುವ ಮಟ್ಟ; ಸೊನ್ನೆ ಎಂದರೆ ನಂಟಿಲ್ಲ, 1 ಎಂದರೆ ಪೂರ್ತಿ ನಂಟು) 0.3 ಇದ್ದರೆ ನಾಲ್ಕು ಪ್ರಶ್ನೆಗಳ ವಿಶ್ವಾಸಾರ್ಹತೆ (ಗದ್ದಲ ಬಿಟ್ಟು ಅಂಕದಲ್ಲಿ ಉಳಿಯುವ ನಿಜದ ಪಾಲು) 0.63, ಹತ್ತರದು 0.81, ಇಪ್ಪತ್ತರದು 0.90. ಹತ್ತರ ನಂತರ ಏರಿಕೆ ನಿಧಾನ, ಉತ್ತರಿಸುವವರ ಬೇಸರ ಮಾತ್ರ ಜೋರು. ಈ ಅಂಕಿಯನ್ನು ಕಳ್ಳದಾರಿಯಲ್ಲೂ ಏರಿಸಬಹುದು: ‘ನನಗೆ ಜಾತ್ರೆ ಇಷ್ಟ’, ‘ಜಾತ್ರೆಗೆ ಹೋಗಲು ಖುಷಿ’, ‘ಜಾತ್ರೆ ತಪ್ಪಿಸುವುದಿಲ್ಲ’ ಎಂದು ಒಂದನ್ನೇ ಮೂರು ಸಲ ಕೇಳಿದರಾಯಿತು. ವಿಶ್ವಾಸಾರ್ಹತೆ 0.9 ದಾಟುತ್ತದೆ, ಅಳೆದದ್ದು ಬಹಿರ್ಮುಖತೆಯನ್ನಲ್ಲ, ಜಾತ್ರೆಯ ಮೋಹವನ್ನು.

ಹತ್ತರಲ್ಲಿ ಐದು ವಾಕ್ಯಗಳನ್ನು ತಿರುಗುಮುರುಗಾಗಿ ಬರೆಯಬೇಕು (‘ಗುಂಪಿನಲ್ಲಿ ನಾನು ಸುಮ್ಮನಿರುತ್ತೇನೆ’), ಏಕೆಂದರೆ ಏನು ಕೇಳಿದರೂ ‘ಹೌದು ಹೌದು’ ಎನ್ನುವವರು ಎಲ್ಲ ಕಡೆ ಇದ್ದಾರೆ. ಅಂಥ ವಾಕ್ಯಕ್ಕೆ ಬಂದ ಗುರುತನ್ನು 6ರಿಂದ ಕಳೆದು ಕೂಡಿಸಿಕೊಳ್ಳುವುದು: 2 ಇದ್ದರೆ 4. ತಿರುಗಿಸುವಾಗ ‘ಇಲ್ಲ’ ಹಚ್ಚಿ ಕೈತೊಳೆದುಕೊಂಡರೆ ಕನ್ನಡದಲ್ಲಿ ಕೆಟ್ಟಿತು. ‘ನನಗೆ ಬೇಗ ಸಿಟ್ಟು ಬರುವುದಿಲ್ಲ’ ಎಂಬುದನ್ನು ಒಪ್ಪುವವರು ‘ಹೌದು, ಬರಲ್ಲ’ ಎಂದೂ ಹೇಳುತ್ತಾರೆ, ‘ಇಲ್ಲ, ಬರಲ್ಲ’ ಎಂದೂ ಹೇಳುತ್ತಾರೆ. ಕಾಗದದ ಮೇಲೆ ಎರಡೂ ಎರಡು ತುದಿ. ‘ಸಿಟ್ಟನ್ನು ತಡೆದುಕೊಳ್ಳುತ್ತೇನೆ’ ಎಂದು ಬರೆದರೆ ಗೊಂದಲ ತಪ್ಪುತ್ತದೆ. ಅನುವಾದದ ಗುಂಡಿಗಳು ಇನ್ನೂ ಆಳ. ಗೋಲ್ಡ್‌ಬರ್ಗ್ ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟ, 3,000ಕ್ಕೂ ಹೆಚ್ಚು ವಾಕ್ಯಗಳ ಕಣಜದಲ್ಲಿ ಬಹಿರ್ಮುಖತೆಗೆಂದು ಒಂದು ವಾಕ್ಯವಿದೆ. ಅದನ್ನು ಪದಕ್ಕೆ ಪದ ಇಳಿಸಿದರೆ ‘ನಾನು ಪಾರ್ಟಿಯ ಜೀವಾಳ’. ಓದಿದವರು ಯಾವ ಪಾರ್ಟಿ, ಚುನಾವಣೆಯದೋ ಗುಂಡಿನದೋ ಎಂದು ಕೇಳುತ್ತಾರೆ. ಅದಕ್ಕೇ ಒಬ್ಬರು ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ಒಯ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಪದ್ಧತಿ ಇರುವುದು.

ಕೂಡಿಸಿ ಬಂದ ಒಟ್ಟು ಅಂಕಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. 50ಕ್ಕೆ 38 ಬಂದರೆ ಅದು ಪಾಸೂ ಅಲ್ಲ, ಫಸ್ಟ್ ಕ್ಲಾಸೂ ಅಲ್ಲ. ಅದೇ ವಯಸ್ಸಿನ, ಅದೇ ಭಾಷೆಯ ದೊಡ್ಡ ಗುಂಪಿನ ಸರಾಸರಿ 33, ಹರವು (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂಬ ಅಳತೆ) 6 ಎಂದಿದ್ದರೆ ಈ ವ್ಯಕ್ತಿ ಸರಾಸರಿಗಿಂತ 5 ಮೇಲಿದ್ದಾರೆ. ಸರಾಸರಿಯನ್ನು 50, ಹರವನ್ನು 10 ಎಂದಿಟ್ಟುಕೊಳ್ಳುವ ಟಿ-ಅಂಕದಲ್ಲಿ ಅದು 58. ಪರೀಕ್ಷೆಯ ವಿಶ್ವಾಸಾರ್ಹತೆ 0.84 ಇದ್ದರೆ ಅಳತೆಯ ದೋಷ 10ನ್ನು, 1ರಿಂದ 0.84 ಕಳೆದು ಉಳಿದ 0.16ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ 4. ಎರಡೂ ಕಡೆಗೆ ಅದರ ಎರಡರಷ್ಟು ಬಿಟ್ಟರೆ ನಿಜವಾದ ಅಂಕ 50ರಿಂದ 66ರ ನಡುವೆ ಎಲ್ಲಾದರೂ ಇರಬಹುದು. ತೀರಾ ಸಾಧಾರಣದಿಂದ ಹಿಡಿದು ಊರಿಗೆಲ್ಲ ಬೇಕಾದವರ ತನಕ! ಇಷ್ಟು ಅಗಲದ ಅನುಮಾನ ಇಟ್ಟುಕೊಂಡು ಯಾರಿಗಾದರೂ ನಾಲ್ಕಕ್ಷರದ ಹಣೆಪಟ್ಟಿ ಹಚ್ಚಲು ಧೈರ್ಯ ಬೇಕು.

ಕೆಲಸದ ಸಂದರ್ಶನದಲ್ಲಿ ಈ ಪರೀಕ್ಷೆ ಕೊಟ್ಟರೆ ಎಲ್ಲರೂ ಕರ್ತವ್ಯನಿಷ್ಠರೇ. ಅಂಥಲ್ಲಿ ಎರಡು ಸಮಾನ ಚಂದದ ವಾಕ್ಯ ಇಟ್ಟು ಒಂದನ್ನೇ ಆರಿಸಿ ಎನ್ನುವುದುಂಟು, ಪರಿಚಿತರಿಂದ ಅಂಕ ಹಾಕಿಸುವುದೂ ಉಂಟು. ‘ನಾನು ಎಂದೂ ಸುಳ್ಳು ಹೇಳಿಲ್ಲ’ ಎಂಬಂಥ ಬಲೆವಾಕ್ಯಗಳನ್ನು ನಡುನಡುವೆ ಇಡುವುದು ಹಳೆಯ ತಂತ್ರ. ಅದು ಬೂಟಾಟಿಕೆಯವರ ಜೊತೆ ನಿಜವಾದ ಸಾಧುಗಳನ್ನೂ ಹಿಡಿದುಹಾಕುತ್ತದೆ.

ಇಷ್ಟೆಲ್ಲ ಕಸರತ್ತು ಯಾಕೆ, ನಮ್ಮ ಜಾತಕ ಸರಿಯಾಗಿಯೇ ಹೇಳುತ್ತದಲ್ಲ ಎನ್ನುವವರಿಗೆ ಎರಡು ಪ್ರಯೋಗಗಳ ವಿಷಯ ತಿಳಿದಿರಲಿ. 1948ರಲ್ಲಿ ಬರ್ಟ್ರಾಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ವಾರದ ನಂತರ ಪ್ರತಿಯೊಬ್ಬರಿಗೂ ‘ನಿಮ್ಮ ವ್ಯಕ್ತಿತ್ವದ ವರದಿ’ ಹಂಚಿದ. ಎಷ್ಟು ಸರಿಯಾಗಿದೆ ಎಂದು ಕೇಳಿದಾಗ 5ಕ್ಕೆ ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ, ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಹೆಕ್ಕಿದ ಸಾಲುಗಳು. ‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕುಂಟು’ ಎಂದರೆ ಯಾರು ತಾನೇ ಅಲ್ಲವೆಂದಾರು? ಎರಡನೆಯದು ಶಾನ್ ಕಾರ್ಲ್ಸನ್ 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಜ್ಯೋತಿಷಿಗಳಿಗೆ ಒಂದು ಜಾತಕ, ಜೊತೆಗೆ ಮೂರು ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶ. ಜಾತಕಕ್ಕೆ ಸೇರಿದ ಫಲಿತಾಂಶ ಹುಡುಕಬೇಕು. ಕಣ್ಣುಮುಚ್ಚಿ ಆರಿಸಿದರೂ ಮೂರರಲ್ಲೊಂದು ಸರಿಯಾಗುತ್ತದೆ, ಅವರದ್ದೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಇದರಲ್ಲಿ ಮನೋವಿಜ್ಞಾನಿಗಳು ನುಂಗಬೇಕಾದ ಕಹಿಯೂ ಇದೆ. ಮೂರು ಪರೀಕ್ಷಾ ಫಲಿತಾಂಶಗಳಲ್ಲಿ ತನ್ನದು ಯಾವುದೆಂದು ಗುರುತಿಸಲು ಆಯಾ ವ್ಯಕ್ತಿಗಳಿಂದಲೇ ಆಗಲಿಲ್ಲ! ‘ಅಯ್ಯೋ, ಇದು ನಾನೇ’ ಎಂಬ ಅನಿಸಿಕೆ ಜಾತಕಕ್ಕೂ ಸಾಕ್ಷಿಯಲ್ಲ, ಪರೀಕ್ಷೆಗೂ ಸಾಕ್ಷಿಯಲ್ಲ.

ಪರೀಕ್ಷೆಗೆ ಸಾಕ್ಷಿ ನಡವಳಿಕೆಯಿಂದ ಬರಬೇಕು. ಗುಣದ ಅಂಕಕ್ಕೂ ಒಂದು ಸಂದರ್ಭದ ನಡವಳಿಕೆಗೂ ನಡುವಿನ ಸಹಸಂಬಂಧ 0.3 ದಾಟುವುದಿಲ್ಲ ಎಂದು ವಾಲ್ಟರ್ ಮಿಶೆಲ್ 1968ರಲ್ಲಿ ಬರೆದಾಗ ಈ ಕ್ಷೇತ್ರವೇ ಅಲ್ಲಾಡಿಹೋಯಿತು. ಸೀಮೋರ್ ಎಪ್‌ಸ್ಟೈನ್ 1979ರಲ್ಲಿ ಉತ್ತರ ಕೊಟ್ಟ: ಒಂದು ದಿನದ ನಡವಳಿಕೆ ಬಿಡಿ, ಹಲವು ದಿನಗಳದ್ದನ್ನು ಸರಾಸರಿ ಮಾಡಿ ನೋಡಿ, ಸ್ಥಿರತೆ ಎದ್ದು ಕಾಣುತ್ತದೆ. ಮತ್ತೆ ಅದೇ ಬ್ಯಾಟ್ಸ್‌ಮನ್ ಲೆಕ್ಕ. ಸೊನ್ನೆಗೆ ಔಟಾಗದ ಆಟಗಾರನಿಲ್ಲ, ಸರಾಸರಿ ಮಾತ್ರ ಸುಳ್ಳು ಹೇಳುವುದಿಲ್ಲ.

ಐದು ಎಂಬುದು ಮನುಕುಲಕ್ಕೆಲ್ಲ ಒಪ್ಪುವ ಸಂಖ್ಯೆಯೇ? ಬೊಲಿವಿಯಾದ ಕಾಡಂಚಿನ ತ್ಸಿಮಾನೆ ಜನರಲ್ಲಿ 632 ಮಂದಿಯನ್ನು ಅವರ ಭಾಷೆಯಲ್ಲೇ ಕೇಳಿ ಮಾಡಿದ ಅಧ್ಯಯನ 2013ರಲ್ಲಿ ಬಂತು. ಐದು ಸಿಗಲಿಲ್ಲ. ಸಿಕ್ಕದ್ದು ಎರಡು, ಹೊಂದಿ ಬಾಳುವುದು ಮತ್ತು ದುಡಿಮೆ. ಅದೇ ವರ್ಷ ಹಿಂದಿಯ ಗುಣವಾಚಕಗಳ ಮೇಲಿನ ಅಧ್ಯಯನವೂ ಪ್ರಕಟವಾಯಿತು. ಅಲ್ಲಿ ಸಿಕ್ಕ ಗುಂಪುಗಳಲ್ಲಿ ಕೆಲವಕ್ಕೆ ಸಂಶೋಧಕರು ಸಾತ್ವಿಕ, ರಾಜಸಿಕ ಎಂಬ ಹಳೆಯ ಹೆಸರುಗಳನ್ನೇ ಇಟ್ಟರು.

ಕನ್ನಡಕ್ಕೂ ದಾರಿ ಇದೇ. ಕಿಟೆಲ್ಲರ 1894ರ ನಿಘಂಟಿನಿಂದ ಶುರುಮಾಡಬಹುದು, ಇಂದಿನ ಬಳಕೆಯ ಪದಗಳನ್ನು ಸೇರಿಸಿಕೊಳ್ಳಬೇಕು. ‘ದಿಗಿಲುಗೊಂಡ’ ಕ್ಷಣದ ಸ್ಥಿತಿ, ಹೊರಗೆ. ‘ನೀಚ’ ಬರೀ ಬೈಗುಳ, ಹೊರಗೆ. ‘ದಡೂತಿ’ ಮೈಕಟ್ಟು, ಹೊರಗೆ. ಹುಂಬ, ಜುಗ್ಗ, ಪುಕ್ಕಲ, ಕೊಂಕುಮಾತಿನವ, ಒರಟ, ಸಂಕೋಚದವ ಇವೆಲ್ಲ ಒಳಗೆ. ಮಂಗಳೂರಿನವರಿಗೆ ತಿಳಿದ ಪದ ಕಲಬುರಗಿಯವರಿಗೂ ತಿಳಿಯಬೇಕು, ಇಲ್ಲದಿದ್ದರೆ ಅಳೆದದ್ದು ಸ್ವಭಾವದ ಬದಲು ಪದಜ್ಞಾನ ಆಗಿಬಿಡುತ್ತದೆ. ಹೀಗೆ 400 ಪದ ಉಳಿದರೆ ಜೋಡಿಗಳು 79,800. ಕಂಪ್ಯೂಟರಿಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಕಷ್ಟವೆಲ್ಲ ನೂರಾರು ಜನರನ್ನು ಹಿಡಿದು ಕೂರಿಸಿ, ಇನ್ನೂರನೆಯ ಪದದ ಆಚೆ ಕಣ್ಣುಮುಚ್ಚಿ 3, 3, 3 ಎಂದು ಗೀಚದಂತೆ ನೋಡಿಕೊಳ್ಳುವುದರಲ್ಲಿ.